ಕಡಲೆಕಾಯಿ ಹಿಂಡಿ ಮನುಷ್ಯರ ಆಹಾರವಾಗಲು ಹೊರಟ ಕಥೆ

ಕಡಲೆಕಾಯಿಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನೀವೆಲ್ಲ ನೋಡಿರುತ್ತೀರಿ. ಹಾಲು ಕರೆಯುವ ಎಮ್ಮೆಗೆ ಅದನ್ನು ನೆನೆಸಿ ಕೊಡುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ರಾಸಾಯನಿಕ ಗೊಬ್ಬರಗಳು ಬರುವ ಮೊದಲು ಕಬ್ಬಿನ ಗದ್ದೆಗೂ ತೋಟಗಳಿಗೂ ಅದನ್ನು ಗೊಬ್ಬರವಾಗಿ ಹಾಕುತ್ತಿದ್ದರು. ರಸಾಯನವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದು ದುಬಾರಿ ಗೊಬ್ಬರ. ನೂರು ಕಿಲೋಗ್ರಾಂ ಕಡಲೆಕಾಯಿ ಬೀಜವನ್ನು ಅರೆದರೆ ಸುಮಾರು 40–45 ಕಿಲೋಗ್ರಾಂ ಎಣ್ಣೆ ಸಿಗುತ್ತದೆ. ಉಳಿದದ್ದು ಹಿಂಡಿ. ಅದರಲ್ಲಿ ಶೇ. 45ರಿಂದ 50ರಷ್ಟು ಪ್ರೋಟೀನ್ ಇರುತ್ತದೆ. ಅಕ್ಕಿಯಲ್ಲಿ ಇರುವ ಪ್ರೋಟೀನ್ ಶೇ. 7ರಷ್ಟು, ಗೋಧಿಯಲ್ಲಿ ಶೇ. 12ರಷ್ಟು, ತೊಗರಿಬೇಳೆಯಲ್ಲಿ ಶೇ. 22ರಷ್ಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮಕ್ಕಳು ಪ್ರೋಟೀನ್ ಇಲ್ಲದೆ ಸೊರಗುತ್ತಿರುವ ದೇಶದಲ್ಲಿ ಇಷ್ಟು ಪ್ರೋಟೀನನ್ನು ಮಣ್ಣಿಗೆ ಹಾಕುವುದು ಸರಿಯೆ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆ ಇದು. ಉತ್ತರ ಹುಡುಕುವ ಕೆಲಸ ಹೆಚ್ಚಾಗಿ ನಡೆದದ್ದು ಮೈಸೂರಿನಲ್ಲಿ. ಸರ್ಕಾರ ಪ್ರಯೋಗಾಲಯ ಕೊಟ್ಟಿತು, ಪರವಾನಗಿ ಕೊಟ್ಟಿತು, ತಯಾರಾದ ಆಹಾರವನ್ನು ತಾನೇ ಕೊಂಡು ಹಂಚಿತು. ಬೆಳೆ ನಮ್ಮ ರೈತರದು, ಗಿರಣಿಗಳು ನಮ್ಮ ಊರುಗಳವು. ಇಷ್ಟೆಲ್ಲ ಇದ್ದೂ ಆ ಪ್ರಯತ್ನ ಇಪ್ಪತ್ತೈದು ವರ್ಷಗಳಲ್ಲಿ ಹಿಂದೆ ಸರಿಯಿತು. ಏಕೆ ಎಂಬುದು ಆಹಾರ ಉದ್ಯಮಕ್ಕೆ ಸರ್ಕಾರ ಕೊಡುವ ಬೆಂಬಲದ ಬಗ್ಗೆ ಯೋಚಿಸುವವರೆಲ್ಲ ತಿಳಿಯಬೇಕಾದ ಸಂಗತಿ.

ಬರಗಾಲದಿಂದ ಪ್ರಯೋಗಾಲಯಕ್ಕೆ

1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಯುದ್ಧದ ಆ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಸಂಸ್ಥೆಯಲ್ಲಿ, ವಿ. ಸುಬ್ರಹ್ಮಣ್ಯನ್ ಜೀವರಸಾಯನ ವಿಭಾಗದಲ್ಲಿದ್ದರು. ಸೋಯಾ ಅವರೆ ಮತ್ತು ಕಡಲೆಕಾಯಿಯಿಂದ ಹಾಲಿನಂಥ ಪಾನೀಯ ತಯಾರಿಸುವ ಪ್ರಯೋಗಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೊಡಗಿದ್ದರು. ಹಸು ಎಮ್ಮೆಗಳ ಹಾಲು ಎಲ್ಲರಿಗೂ ಎಟಕುವುದಿಲ್ಲ, ಗಿಡದ ಪ್ರೋಟೀನನ್ನೇ ಹಾಲಿನ ರೂಪಕ್ಕೆ ತಂದರೆ ಹೇಗೆ ಎಂಬುದು ಅವರ ಆಲೋಚನೆ.

ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1942ರಲ್ಲಿ ಸ್ಥಾಪನೆಯಾಗಿತ್ತು. ಅದರ ಆಶ್ರಯದಲ್ಲಿ 1950ರ ಅಕ್ಟೋಬರ್ 21ರಂದು ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಆರಂಭವಾಯಿತು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದ ಚೆಲುವಾಂಬ ವಿಲಾಸ ಅರಮನೆಯೇ ಅದರ ನೆಲೆ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರಾಗಿ 1963ರವರೆಗೆ ಇದ್ದರು. ನಂತರ ಎಚ್.ಎ.ಬಿ. ಪಾರ್ಪಿಯಾ ಬಂದರು.

ಸಂಸ್ಥೆಯ ಮೊದಲ ದಶಕದಲ್ಲಿ ಸಿದ್ಧವಾದ ಹೆಸರಾಂತ ಪದಾರ್ಥ 'ಇಂಡಿಯನ್ ಮಲ್ಟಿಪರ್ಪಸ್ ಫುಡ್', ಅಂದರೆ ಬಹೂಪಯೋಗಿ ಆಹಾರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೋಯಾದಿಂದ ಇಂಥದೊಂದು ಪುಡಿ ಅದಕ್ಕೂ ಮೊದಲೇ ತಯಾರಾಗಿತ್ತು. ಮೈಸೂರಿನವರು ನಮ್ಮಲ್ಲಿ ಧಾರಾಳವಾಗಿ ಸಿಗುವ ಪದಾರ್ಥಗಳನ್ನು ಆಯ್ದುಕೊಂಡರು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಭಾಗ, ಹುರಿದ ಕಡಲೆಯ ಹಿಟ್ಟು 25 ಭಾಗ, ಜೊತೆಗೆ ವಿಟಮಿನ್‌ಗಳು ಮತ್ತು ಸುಣ್ಣದ ಅಂಶ. ಪ್ರೋಟೀನ್ ಶೇ. 40ಕ್ಕೂ ಮಿಗಿಲು. ಕಡಲೆ ಬೆರೆಸಿದ್ದಕ್ಕೆ ಕಾರಣವಿದೆ. ಕಡಲೆಕಾಯಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಡಲೆಯಲ್ಲಿ ಅದು ಹೆಚ್ಚು. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಅನ್ನಕ್ಕೆ ಬೇಳೆ ಸಾರು, ಮುದ್ದೆಗೆ ಹುರುಳಿ ಸಾರು ಮಾಡಿಕೊಳ್ಳುವ ನಮ್ಮ ಅಡುಗೆಮನೆಯ ತತ್ತ್ವವೂ ಇದೇ.

ಈ ಪುಡಿಯನ್ನು ಸಾರು, ಉಪ್ಪಿಟ್ಟು, ರೊಟ್ಟಿ ಯಾವುದಕ್ಕೆ ಬೇಕಾದರೂ ಬೆರೆಸಬಹುದಿತ್ತು. ಇದರ ಬೆನ್ನಿಗೇ ಬೇರೆ ಬೇರೆ ಪದಾರ್ಥಗಳು ಬಂದವು. ಗೋಧಿ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಬೆರೆಸಿದ 'ಪೌಷ್ಟಿಕ್ ಆಟಾ' ಬಂತು. 1966–67ರ ಬಿಹಾರದ ಬರಗಾಲದ ಸುಮಾರಿಗೆ ಗೋಧಿ ಮತ್ತು ಕಡಲೆಕಾಯಿ ಹಿಟ್ಟಿನ 'ಬಾಲಾಹಾರ' ಬಂತು. ಅದರ ತಯಾರಿಕೆಯನ್ನು 1965ರಲ್ಲಷ್ಟೇ ಹುಟ್ಟಿದ್ದ ಭಾರತೀಯ ಆಹಾರ ನಿಗಮ ವಹಿಸಿಕೊಂಡಿತು. ಎಮ್ಮೆಯ ಹಾಲಿಗೆ ಕಡಲೆಕಾಯಿಯ ಶುದ್ಧ ಪ್ರೋಟೀನ್ ಬೆರೆಸಿದ 'ಮಿಲ್ಟೋನ್' 1970ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ಡೇರಿಯಲ್ಲಿ ತಯಾರಾಯಿತು.

ಆಗ ದೇಶದ ಪರಿಸ್ಥಿತಿ ಹೇಗಿತ್ತು ಎಂಬುದನ್ನು ನೆನೆಯಬೇಕು. ಅಮೆರಿಕದ 'ಪಿ.ಎಲ್. 480' ಕಾನೂನಿನ ಅಡಿ 1956ರಿಂದ ಗೋಧಿ ಬರತೊಡಗಿತ್ತು. 1966ರಲ್ಲಿ ದೇಶ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಆಮದು ಮಾಡಿಕೊಂಡಿತು. ಶಾಲೆಯಲ್ಲಿ ಹಳದಿ ಬಣ್ಣದ ಉಪ್ಪಿಟ್ಟು ತಿಂದು ಬೆಳೆದ ಹಿರಿಯ ಉಪಾಧ್ಯಾಯರಿಗೆ ಆ ದಿನಗಳ ರುಚಿ ಇನ್ನೂ ನೆನಪಿರಬಹುದು. ಹೀಗಿರುವಾಗ ಸ್ವಂತ ನೆಲದ ಬೆಳೆಯಿಂದ, ಚಳ್ಳಕೆರೆ ರಾಯಚೂರಿನಂಥ ಊರುಗಳ ಗಿರಣಿಗಳಿಂದಲೇ ಪೌಷ್ಟಿಕ ಆಹಾರ ಸಿಗುತ್ತದೆ ಎಂಬುದು ಸಣ್ಣ ಆಸೆಯೇನಲ್ಲ.

ಎಮ್ಮೆ ಹಾಲಿನ ಯಶಸ್ಸು

ಇದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಿದರೆ ಹಿಂಡಿಯ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಕೈಗೂಸುಗಳ ಹಾಲಿನ ಪುಡಿ ಆಗ ವಿದೇಶಗಳಿಂದ ಬರುತ್ತಿತ್ತು. ಅದನ್ನು ಹಸುವಿನ ಹಾಲಿನಿಂದ ಮಾತ್ರ ಮಾಡಲು ಸಾಧ್ಯ ಎಂದು ತಯಾರಕರು ಹೇಳುತ್ತಿದ್ದರು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಕೇಸೀನ್ ಹೆಚ್ಚು. ಮಗುವಿನ ಹೊಟ್ಟೆಯಲ್ಲಿ ಅದು ಗಟ್ಟಿ ಗರಣೆಯಾಗಿ ಜೀರ್ಣವಾಗುವುದು ಕಷ್ಟ. ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಕೊಬ್ಬನ್ನು ತಗ್ಗಿಸಿ, ಹಾಲು ಮೆತ್ತಗೆ ಒಡೆಯುವಂತೆ ಸಂಸ್ಕರಿಸಿ, ಎಮ್ಮೆಯ ಹಾಲಿನಿಂದಲೇ ಶಿಶು ಆಹಾರ ತಯಾರಿಸಿದರು. ಅದನ್ನು ಕೈಗೆತ್ತಿಕೊಂಡದ್ದು ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘ. ಅದೇ 'ಅಮುಲ್' ಶಿಶು ಆಹಾರ. ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಆಮದನ್ನು ಬಿಗಿಗೊಳಿಸಿದ್ದು ಅದಕ್ಕೆ ನೆರವಾಯಿತು. (ತಾಯಿಯ ಹಾಲಿಗೆ ಪೈಪೋಟಿಯಾಗಬಾರದೆಂದು ಇಂಥ ಆಹಾರಗಳ ಪ್ರಚಾರವನ್ನು 1992ರ ಕಾನೂನು ನಿರ್ಬಂಧಿಸಿತು. ಅದು ಬೇರೆಯೇ ಚರ್ಚೆ.)

ಇಲ್ಲಿ ಗಮನಿಸಬೇಕಾದದ್ದು, ಹಾಲು ಕರೆದವರಿಂದ ಡಬ್ಬಿ ಮುಚ್ಚುವವರವರೆಗೆ ಇಡೀ ಸರಪಳಿ ಒಂದೇ ಸಂಘದ ಕೈಯಲ್ಲಿತ್ತು. ಹಳ್ಳಿಯಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಪರೀಕ್ಷೆ ನಡೆಯುತ್ತಿತ್ತು. ಕೆಟ್ಟ ಹಾಲು ತಂದವರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಕಡಲೆಕಾಯಿಗೆ ಇಂಥ ಏರ್ಪಾಡು ಇರಲಿಲ್ಲ. ರೈತ ಹೊಲದಲ್ಲಿ ಕಿತ್ತ ಕಾಯಿ ದಲ್ಲಾಳಿಗೆ ಹೋಗುತ್ತಿತ್ತು, ಅಲ್ಲಿಂದ ಮಂಡಿಗೆ, ಮಂಡಿಯಿಂದ ಗಿರಣಿಗೆ. ಒಳ್ಳೆಯ ದಪ್ಪ ಬೀಜಗಳನ್ನು ತಿನ್ನಲು, ರಫ್ತು ಮಾಡಲು ಆರಿಸಿ ತೆಗೆಯುತ್ತಿದ್ದರು. ಮುರುಟಿದ್ದು, ಮುರಿದದ್ದು, ಬಣ್ಣಗೆಟ್ಟದ್ದು ಎಣ್ಣೆಗೆ ಹೋಗುತ್ತಿತ್ತು. ಹಾಗಾಗಿ ಹಿಂಡಿ ಎಂಬುದು ಬಹುಪಾಲು ಆರಿಸಿ ಬಿಟ್ಟ ಬೀಜಗಳ ಹಿಂಡಿ. ಮನುಷ್ಯರು ತಿನ್ನುವ ಹಿಟ್ಟಿಗೆ ಆಯ್ದ ಬೀಜ ಬೇಕು, ಸಿಪ್ಪೆ ಮೊಳಕೆ ತೆಗೆಯಬೇಕು, ಗಿರಣಿ ಶುಚಿಯಾಗಿರಬೇಕು ಎಂದು ಮೈಸೂರಿನವರು ನಿಯಮ ಮಾಡಿದ್ದರು. ನಿಯಮ ಪ್ರಯೋಗಾಲಯದಲ್ಲಿತ್ತು. ಕಾಯಿ ಒಣಗುತ್ತಿದ್ದದ್ದು ಹೊಲದ ಬದುವಿನಲ್ಲಿ.

ಟರ್ಕಿ ಕೋಳಿಗಳು ಸತ್ತವು

1960ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದವು. ಕಾರಣ ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟರು. ಸೋಂಕಿನ ಸುಳಿವೇನೂ ಸಿಗಲಿಲ್ಲ. ಕೊನೆಗೆ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯ ಮುಂದೆ. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು ಬೆಳೆದಿತ್ತು. ಅದು ಸ್ರವಿಸಿದ ವಿಷಕ್ಕೆ ಬೂಷ್ಟಿನ ಹೆಸರಿನಿಂದಲೇ 'ಅಫ್ಲಟಾಕ್ಸಿನ್' ಎಂದು ಹೆಸರಾಯಿತು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ಬಿ, ಹಸಿರಾಗಿ ಹೊಳೆಯುವುದು ಜಿ. ಇವುಗಳಲ್ಲಿ ಬಿ1 ಅತ್ಯಂತ ಉಗ್ರ. ಅದು ಯಕೃತ್ತನ್ನು ಕೆಡಿಸುತ್ತದೆ, ದೀರ್ಘಕಾಲ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ.

ಈ ವಿಷದ ಗುಣಗಳನ್ನು ನೋಡಿದರೆ ಹಿಂಡಿಯ ಯೋಜನೆಗೆ ಬಂದ ಕಷ್ಟ ಎಂಥದೆಂದು ತಿಳಿಯುತ್ತದೆ. ಬೇಯಿಸಿದರೆ, ಹುರಿದರೆ ಅದು ಪೂರ್ತಿ ನಾಶವಾಗುವುದಿಲ್ಲ. ಬೀಜವನ್ನು ಅರೆದಾಗ ಎಣ್ಣೆಯ ಜೊತೆ ಹೋಗುವುದು ಸ್ವಲ್ಪ ಮಾತ್ರ, ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಜೊತೆಗೆ ಅದು ಬೀಜಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಟ್ಟ ಒಂದೊಂದು ಬೀಜದಲ್ಲಿ ಕಿಲೋಗ್ರಾಂಗೆ ಹತ್ತು ಲಕ್ಷ ಮೈಕ್ರೋಗ್ರಾಂ ಪ್ರಮಾಣದ ವಿಷ ಇದ್ದದ್ದು ದಾಖಲಾಗಿದೆ. ಅಂಥ ಬೀಜ ಅರ್ಧ ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಅದರಲ್ಲಿರುವ ವಿಷ 500 ಮೈಕ್ರೋಗ್ರಾಂ. ಐದು ಕಿಲೋಗ್ರಾಂ ಒಳ್ಳೆಯ ಬೀಜದಲ್ಲಿ ಆ ಒಂದೇ ಬೀಜ ಸೇರಿ ಹಿಟ್ಟಾದರೂ ಸರಾಸರಿ ಕಿಲೋಗ್ರಾಂಗೆ 100 ಮೈಕ್ರೋಗ್ರಾಂ ಆಗುತ್ತದೆ. ಚೀಲದಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಆ ಬೀಜ ನಿಮ್ಮ ಹಿಡಿಯಲ್ಲಿ ಬರಲೂಬಹುದು, ಬಾರದೆ ಇರಲೂಬಹುದು.

ಎಷ್ಟು ಇದ್ದರೆ ಸಹಿಸಬಹುದು? ವಿಶ್ವಸಂಸ್ಥೆಯ ಆಹಾರ, ಆರೋಗ್ಯ ಮತ್ತು ಮಕ್ಕಳ ಅಂಗಸಂಸ್ಥೆಗಳಿಗೆ ಸಲಹೆ ನೀಡುತ್ತಿದ್ದ ಪ್ರೋಟೀನ್ ಸಲಹಾ ಮಂಡಳಿ 1966ರಲ್ಲಿ ಕಿಲೋಗ್ರಾಂಗೆ 30 ಮೈಕ್ರೋಗ್ರಾಂ ಎಂದು ಮಿತಿ ಹಾಕಿತು. ಇನ್ನೂ ಕಡಿಮೆ ಮಾಡಿದರೆ ಹಸಿದ ಮಕ್ಕಳಿಗೆ ಕೊಡಲು ಹಿಟ್ಟೇ ಉಳಿಯುವುದಿಲ್ಲ, ಅಪೌಷ್ಟಿಕತೆಯ ಅಪಾಯ ವಿಷದ ಅಪಾಯಕ್ಕಿಂತ ದೊಡ್ಡದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಆ ಮಿತಿಯನ್ನು ಇಂದು ಓದುವಾಗ ಕಳವಳವಾಗುತ್ತದೆ. ಆದರೆ ಆ ದಿನದ ತಕ್ಕಡಿಯಲ್ಲಿ ಇನ್ನೊಂದು ಬದಿಗೆ ಏನಿತ್ತು ಎಂಬುದನ್ನೂ ಮರೆಯಬಾರದು.

ಮೈಸೂರಿನ ಮಕ್ಕಳು

ಮೈಸೂರಿನ ವಿಜ್ಞಾನಿಗಳು ಸುಮ್ಮನೆ ಕುಳಿತಿರಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಡಲೆಕಾಯಿ ಹಿಟ್ಟಿನ ವಿಷ ಕಳೆಯುವ ವಿಧಾನವನ್ನು ವಿ. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಮೆರಿಕದ ಪೋಷಣ ವಿಜ್ಞಾನದ ನಿಯತಕಾಲಿಕೆಯೊಂದರಲ್ಲಿ ಇನ್ನೊಂದು ಪ್ರಬಂಧ ಬಂತು. ಅದರ ಮೊದಲ ಲೇಖಕಿ ಮಕ್ಕಳ ವೈದ್ಯೆ ಇಂದಿರಾ ಆಮ್ಲಾ. ಲೇಖಕರ ಪಟ್ಟಿಯಲ್ಲಿ ಶ್ರೀನಿವಾಸಮೂರ್ತಿ ಮತ್ತು ನಿರ್ದೇಶಕ ಪಾರ್ಪಿಯಾ ಅವರ ಹೆಸರುಗಳೂ ಇದ್ದವು. ವಿಷಯ, ಅಫ್ಲಟಾಕ್ಸಿನ್ ಸೇರಿದ ಕಡಲೆಕಾಯಿ ಹಿಟ್ಟಿನಿಂದ ಮಕ್ಕಳಿಗೆ ಬಂದ ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟುವ ಕಾಯಿಲೆ.

ಕ್ವಾಷಿಯೋರ್ಕರ್ ಎಂಬ ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಇಪ್ಪತ್ತು ಮಕ್ಕಳಿಗೆ ಚಿಕಿತ್ಸೆಯಾಗಿ ದಿನಕ್ಕೆ 30ರಿಂದ 60 ಗ್ರಾಂ ಕಡಲೆಕಾಯಿ ಪ್ರೋಟೀನ್ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಕಿಲೋಗ್ರಾಂಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಟಾಕ್ಸಿನ್ ಇದೆ ಎಂಬುದು ನಂತರ ಗೊತ್ತಾಯಿತು. ಅಂದರೆ ಸಲಹಾ ಮಂಡಳಿಯ ಮಿತಿಯ ಹತ್ತು ಪಟ್ಟು. ಮಗುವಿನ ಹೊಟ್ಟೆಗೆ ದಿನಕ್ಕೆ 9ರಿಂದ 18 ಮೈಕ್ರೋಗ್ರಾಂ. ಹಿಟ್ಟನ್ನು ನಿಲ್ಲಿಸಿದರು. ಮಕ್ಕಳ ಯಕೃತ್ತಿನ ಸೂಕ್ಷ್ಮ ಪರೀಕ್ಷೆಯಲ್ಲಿ ಹಾನಿಯ ಗುರುತುಗಳು ಕಂಡವು.

ಇದು ಕೆಲವೇ ಮಕ್ಕಳ ಅಧ್ಯಯನ ಎಂಬುದನ್ನು ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಹೇಳಬೇಕು. ನಮ್ಮ ದೇಶದ ಮಕ್ಕಳ ಸಿರೋಸಿಸ್‌ಗೆ ತಾಮ್ರವೂ ಕಾರಣವಿರಬಹುದು, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿನಿಂದ ಅದು ಮಗುವಿನ ದೇಹ ಸೇರುತ್ತದೆ ಎಂದು 1983ರಲ್ಲಿ ಬೇರೊಂದು ಸಂಶೋಧಕ ತಂಡ ತೋರಿಸಿಕೊಟ್ಟಿತು. ಆದರೂ 1971ರ ಆ ಪ್ರಬಂಧಕ್ಕೆ ವಿಜ್ಞಾನದ ಇತಿಹಾಸದಲ್ಲಿ ಒಂದು ಗೌರವದ ಸ್ಥಾನವಿದೆ ಎಂದು ನನ್ನ ಅಭಿಪ್ರಾಯ. ಕಡಲೆಕಾಯಿ ಹಿಟ್ಟನ್ನು ದೇಶಕ್ಕೆಲ್ಲ ಹಂಚಬೇಕೆಂದು ಇಪ್ಪತ್ತು ವರ್ಷ ದುಡಿದ ಸಂಸ್ಥೆಯ ನಿರ್ದೇಶಕರೇ ಆ ಹಿಟ್ಟಿನಿಂದಾದ ಕೆಡುಕನ್ನು ಬರೆದು, ಹೆಸರು ಹಾಕಿ ಪ್ರಕಟಿಸಿದರು.

1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದವರಿಗೆ ಕಾಮಾಲೆ ಬಂತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಬೂಷ್ಟಿನ ವಿಷ ಪ್ರಯೋಗಾಲಯದ ಇಲಿಗಳ ಮಾತಲ್ಲ ಎಂಬುದು ಅಲ್ಲಿಗೆ ಎಲ್ಲರಿಗೂ ಸ್ಪಷ್ಟವಾಯಿತು.

ಲೆಕ್ಕವೇ ಬದಲಾಯಿತು

ಹಿಂಡಿಯ ಯೋಜನೆಗೆ ಎರಡನೆಯ ಪೆಟ್ಟು ಕೊಟ್ಟದ್ದು ಗಣಿತ. 1968ರಲ್ಲಿ ವಿಶ್ವಸಂಸ್ಥೆ 'ಪ್ರೋಟೀನ್ ಸಂಕಟ' ಬರಲಿದೆ ಎಂದು ವರದಿ ಹೊರಡಿಸಿತ್ತು. ಅದೇ ಹೊತ್ತಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್, ಸಂಖ್ಯಾವಿಜ್ಞಾನಿ ಪಿ.ವಿ. ಸುಖಾತ್ಮೆ ಮೊದಲಾದವರು ಬೇರೆ ಮಾತು ಹೇಳತೊಡಗಿದರು. ನಮ್ಮ ಮಕ್ಕಳಿಗೆ ಪ್ರೋಟೀನ್ ಮಾತ್ರ ಕಡಿಮೆಯಾಗಿಲ್ಲ, ಒಟ್ಟು ಊಟವೇ ಕಡಿಮೆಯಾಗಿದೆ ಎಂದು.

ತರಗತಿಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ. ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,200 ಕಿಲೋಕ್ಯಾಲರಿ ಬೇಕು ಎಂದಿಟ್ಟುಕೊಳ್ಳೋಣ. ನೂರು ಗ್ರಾಂ ರಾಗಿಯಲ್ಲಿ 328 ಕಿಲೋಕ್ಯಾಲರಿ, 7.3 ಗ್ರಾಂ ಪ್ರೋಟೀನ್ ಇದೆ. ಬರೀ ರಾಗಿಯಿಂದಲೇ 1,200 ಕಿಲೋಕ್ಯಾಲರಿ ಪಡೆಯಲು 366 ಗ್ರಾಂ ಬೇಕು. ಅದರಲ್ಲಿ ಪ್ರೋಟೀನ್ ಸುಮಾರು 27 ಗ್ರಾಂ. ಆ ವಯಸ್ಸಿಗೆ ಬೇಕಾದದ್ದಕ್ಕಿಂತ ಇದು ಹೆಚ್ಚೇ. ಗುಣದಲ್ಲಿ ಸ್ವಲ್ಪ ಕೊರತೆಯಿದೆ, ಒಂದಿಷ್ಟು ಬೇಳೆ ಅದನ್ನು ಸರಿಪಡಿಸುತ್ತದೆ. ಮಗುವಿಗೆ ಸಿಗುವುದು 800 ಕಿಲೋಕ್ಯಾಲರಿಯಷ್ಟೇ ಆದರೆ ದೇಹ ತಿಂದ ಪ್ರೋಟೀನಿನಲ್ಲೂ ಒಂದು ಭಾಗವನ್ನು ಶಕ್ತಿಗಾಗಿ ಉರಿಸಿಬಿಡುತ್ತದೆ. ಅಂಥ ಮಗುವಿಗೆ ದುಬಾರಿ ಪ್ರೋಟೀನ್ ಪುಡಿ ಕೊಡುವುದೆಂದರೆ ಗಂಧದ ಕಟ್ಟಿಗೆಯಿಂದ ಒಲೆ ಹೊತ್ತಿಸಿದ ಹಾಗೆ. (ಅಷ್ಟೊಂದು ಮುದ್ದೆಯನ್ನು ಪುಟ್ಟ ಮಗು ತಿನ್ನಲಾರದು, ಹೊಟ್ಟೆ ಚಿಕ್ಕದು. ಎಣ್ಣೆ ಬೆಲ್ಲ ಸೇರಿಸಿ ಊಟವನ್ನು ಸಾಂದ್ರಗೊಳಿಸುವುದು ಅದಕ್ಕಾಗಿ.)

1971ರಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮಿತಿ ಪ್ರೋಟೀನಿನ ಅಗತ್ಯವನ್ನು ತಗ್ಗಿಸಿ ನಿಗದಿ ಮಾಡಿತು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಡೀ ಪ್ರೋಟೀನ್ ಆಂದೋಲನವನ್ನೇ ದೊಡ್ಡ ಎಡವಟ್ಟು ಎಂದು ಕರೆದು ಬರೆದರು. ಅದು ತೀರ ಕಟುವಾಯಿತು ಎನ್ನಿಸುತ್ತದೆ. ಆದರೆ ಹಣ ಕೊಡುವವರ ಮನಸ್ಸು ಆ ವೇಳೆಗೆ ಬದಲಾಗಿತ್ತು.

ಹಿಂಡಿ ಮರಳಿ ಕೊಟ್ಟಿಗೆಗೆ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ದೇಶದ ಮೊದಲ 33 ಪ್ರಾಯೋಗಿಕ ತಾಲ್ಲೂಕುಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಯ ಪುಡಿಗಳಲ್ಲಿ ಗೋಧಿ, ಕಡಲೆ, ಬೆಲ್ಲ, ಕಡಲೆಕಾಯಿ ಎಲ್ಲವೂ ಇದ್ದವು. ಅಲ್ಲಿ ಕಡಲೆಕಾಯಿ ನಾಲ್ಕರಲ್ಲಿ ಒಂದು, ಹಿಂದಿನಂತೆ ಮುಕ್ಕಾಲು ಪಾಲಲ್ಲ. 2004ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಆಹಾರದ ಸರಬರಾಜಿಗೆ ಗುತ್ತಿಗೆದಾರರನ್ನು ಬಳಸಬಾರದು, ಸ್ವಸಹಾಯ ಗುಂಪುಗಳಿಗೆ, ಮಹಿಳಾ ಮಂಡಳಿಗಳಿಗೆ ಆದ್ಯತೆ ಕೊಡಬೇಕು ಎಂದು ಆದೇಶಿಸಿತು. ಚಿಕ್ಕ ಆಹಾರ ಉದ್ಯಮಗಳಿಗೆ ನೆರವಾಗಲು ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ ಹತ್ತು ಲಕ್ಷ ರೂಪಾಯಿ ಸಹಾಯಧನವಿತ್ತು.

ಎಣ್ಣೆ ಗಿರಣಿಗಳ ಕಥೆ ಬೇರೆ ದಾರಿ ಹಿಡಿಯಿತು. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಮೂಲಕ ಕಡಲೆಕಾಯಿ ಬೆಳೆಗಾರರನ್ನು ಬೆಂಬಲಿಸಿದ ಅದೇ ಸರ್ಕಾರ 1994ರಲ್ಲಿ ಪಾಮೊಲೀನ್ ಆಮದಿನ ಬಾಗಿಲು ತೆರೆಯಿತು. ಅಗ್ಗದ ತಾಳೆ ಎಣ್ಣೆಯ ಮುಂದೆ ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ಸೊರಗಿದವು.

ಬೂಷ್ಟಿನ ವಿರುದ್ಧ ಫಲ ಕೊಟ್ಟದ್ದು ಹೊಲದ ಮತ್ತು ಕಣದ ಕೆಲಸ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ನೀರಿಲ್ಲದೆ ಗಿಡ ಸೊರಗಿದರೆ ಬೂಷ್ಟು ನೆಲದಲ್ಲೇ ಒಳಹೊಗುತ್ತದೆ. ಕಿತ್ತ ಮೇಲೆ ಮಳೆಗೆ ಸಿಕ್ಕಿದರೆ ಹಬ್ಬುತ್ತದೆ. ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಬೇಗ ಒಣಗಿಸಬೇಕು, ಕಾಯಿ ಬಿಡಿಸಲು ನೀರು ಚಿಮುಕಿಸಬಾರದು, ಬಣ್ಣಗೆಟ್ಟ ಬೀಜವನ್ನು ಕೈಯಿಂದ ಆರಿಸಿ ತೆಗೆಯಬೇಕು. ಹೈದರಾಬಾದಿನ ಬಳಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಕಡಿಮೆ ಖರ್ಚಿನ ಪರೀಕ್ಷಾ ವಿಧಾನವನ್ನು ರೂಪಿಸಿತು. ಯುರೋಪಿಗೆ ಹೋಗುವ ತಿನ್ನುವ ಕಡಲೆಕಾಯಿಗೆ ಕಿಲೋಗ್ರಾಂಗೆ 4 ಮೈಕ್ರೋಗ್ರಾಂ ಮಿತಿ ಇರುವುದರಿಂದ ರಫ್ತುದಾರರು ಆರಿಸುವ ಕೆಲಸವನ್ನು ಎಚ್ಚರಿಕೆಯಿಂದ ಮಾಡಿಸುತ್ತಾರೆ. ಆರಿಸಿ ಬಿಟ್ಟದ್ದು ಈಗಲೂ ಎಣ್ಣೆಗೆ ಹೋಗುತ್ತದೆ, ಅದರ ಹಿಂಡಿ ದನದ ಕೊಟ್ಟಿಗೆಗೆ.

ಹಸು ಎಮ್ಮೆಗಳು ಹಿಂಡಿಯೊಂದಿಗೆ ತಿಂದ ಬಿ1 ವಿಷದ ಒಂದು ಸಣ್ಣ ಪಾಲು ಅವುಗಳ ದೇಹದಲ್ಲಿ ಎಂ1 ಎಂಬ ರೂಪಕ್ಕೆ ತಿರುಗಿ ಹಾಲಿಗೆ ಬರುತ್ತದೆ. ಹಾಲನ್ನು ಕಾಯಿಸಿದರೆ ಅದು ಹೋಗುವುದಿಲ್ಲ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 368 ಮಾದರಿಗಳಲ್ಲಿ, ಅಂದರೆ ಶೇ. 5.7ರಲ್ಲಿ, ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿ ಇತ್ತು.